ರೋಣದ ನಾಜಮೀನ ಮತ್ತು ಕಾಣದ ಎರಡು ಕಿಲೋ ಹಿಟ್ಟು

ನಾಜಮೀನ ನದಾಫ ಅವರ ಮನೆಯ ಕಪಾಟಿನಲ್ಲಿ ಎರಡು ತಕ್ಕಡಿಗಳಿವೆ. ದೊಡ್ಡದು ಅವರ ತಂದೆ ರಮಜಾನಸಾಬರದು. ರೋಣದ ಪೇಟೆಯಲ್ಲಿ ನಲವತ್ತು ವರ್ಷ ಗಾದಿ ಹೊಲಿದ ರಮಜಾನಸಾಬರು ಗಿರಾಕಿ ತಂದ ಹಳೆಯ ಹತ್ತಿಯನ್ನು ಅವನೆದುರಿಗೇ ತೂಗುತ್ತಿದ್ದರು. ಹಿಂಜಿದ ಮೇಲೆ ಮತ್ತೊಮ್ಮೆ ತೂಗುತ್ತಿದ್ದರು. ಕಡಿಮೆ ಬಿದ್ದ ತೂಕ ಎಲ್ಲಿ ಹೋಯಿತೆಂದು ತೋರಿಸಲು ನೆಲದ ಮೇಲಿನ ಧೂಳು, ಅರಳೆಯ ಚೂರು ಎಲ್ಲವನ್ನೂ ಗುಡಿಸಿ ತಟ್ಟೆಗೆ ಹಾಕುತ್ತಿದ್ದರು. ಆಗ ಅವರು ಹೇಳುತ್ತಿದ್ದ ಮಾತು ಮಗಳಿಗೆ ಇನ್ನೂ ನೆನಪಿದೆ: “ಹತ್ತಿ ಎಲ್ಲೂ ಹೋಗೂದಿಲ್ಲವಾ. ಮೂಗಿನಾಗ ಹೋಗಿದ್ರ ಮೂಗರೆ ತೂಗಬೇಕು.”

ಎರಡನೆಯದು ಅಂಗೈಯಗಲದ ವಿದ್ಯುತ್ ತಕ್ಕಡಿ. ಒಂದು ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಇದನ್ನು 2024ರ ಬೇಸಿಗೆಯಲ್ಲಿ ಸಂಶೋಧನ ಯೋಜನೆಯೊಂದು ಅವರಿಗೆ ಕೊಟ್ಟಿತು. ಆ ಬೇಸಿಗೆಯ ಆರು ವಾರಗಳನ್ನು ನಾಜಮೀನ ಹೇಳಿದಂತೆ, ಮತ್ತು ಅವರೊಡನೆ ಇದ್ದವರು ಹೇಳಿದ್ದರೊಡನೆ ಹೋಲಿಸಿ, ಇಲ್ಲಿ ದಾಖಲಿಸಿದೆ.

ನಾಜಮೀನ ಹುಟ್ಟಿದ್ದು 1986ರಲ್ಲಿ. ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದರು, 2011ರಿಂದ ರೋಣದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಈ ಹುದ್ದೆ ವರ್ಷಕ್ಕೆ ಹತ್ತು ತಿಂಗಳಿನದು. ಉಳಿದ ಎರಡು ತಿಂಗಳು ಅವರು ಸಿಕ್ಕ ಸಮೀಕ್ಷೆಯ ಕೆಲಸ ಮಾಡುತ್ತಾರೆ. ಜನಗಣತಿಯ ಪೂರ್ವಸಿದ್ಧತೆ, ಬೆಳೆ ಕಟಾವಿನ ಅಂದಾಜು, ಶೌಚಾಲಯಗಳ ಎಣಿಕೆ ಎಲ್ಲವೂ ಅವರ ಕೈಯಿಂದ ಆಗಿದೆ.

ಇದರ ಜತೆಗೆ ಸಂಬಳವಿಲ್ಲದ ಇನ್ನೊಂದು ಕೆಲಸವಿದೆ. 2020ರಲ್ಲಿ ಕಾಲೇಜು ಮುಚ್ಚಿದ್ದಾಗ, ಪುಣೆಯ ಸಂಶೋಧಕಿ ಶಾಂಭವಿ ಎಂಬವರು ನಡೆಸುವ ಅಂತರ್ಜಾಲ ತಂಡವೊಂದಕ್ಕೆ ನಾಜಮೀನ ಸೇರಿಕೊಂಡರು. ರೇಡಿಯೊ ದೂರದರ್ಶಕಗಳು ತೆಗೆದ ಆಕಾಶದ ಚಿತ್ರಗಳನ್ನು ಒಂದೊಂದಾಗಿ ನೋಡಿ, ಅವುಗಳಲ್ಲಿ ಕಪ್ಪುಕುಳಿಯ ಧಾರೆ ಇದೆಯೇ ಎಂದು ಗುರುತು ಹಾಕುವುದು ಈ ತಂಡದ ಕೆಲಸ. ಕಪ್ಪುಕುಳಿಯೊಳಗೆ ಬಿದ್ದದ್ದು ಹೊರಗೆ ಬರುವುದಿಲ್ಲ. ಆದರೆ ಅದರ ಸುತ್ತ ಸುತ್ತುತ್ತ ಬೀಳಲಿರುವ ಅನಿಲದಲ್ಲಿ ಒಂದು ಪಾಲು, ಬೀಳುವ ಮೊದಲೇ, ಎದುರುಬದುರು ದಿಕ್ಕುಗಳಲ್ಲಿ ಎರಡು ತೆಳುವಾದ ಧಾರೆಗಳಾಗಿ ಚಿಮ್ಮುತ್ತದೆ. ಹೀಗೆ ಚಿಮ್ಮಿದ್ದು ಲಕ್ಷಾಂತರ ಜ್ಯೋತಿರ್ವರ್ಷ ದೂರದವರೆಗೂ ಹೋಗಬಲ್ಲುದು. ಬರಿಗಣ್ಣಿಗೆ ಕಾಣದ ಈ ಧಾರೆಗಳು ರೇಡಿಯೊ ಅಲೆಗಳಲ್ಲಿ ಕಾಣುತ್ತವೆ.

ಗೌರವ್ವನಿಗೆ ಇದನ್ನು ವಿವರಿಸಿದ ಪ್ರಸಂಗವನ್ನು ಇಬ್ಬರೂ ಬೇರೆಬೇರೆಯಾಗಿ ಹೇಳಿದರು. ಎರಡು ಹೇಳಿಕೆಗಳಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಗೌರವ್ವ ನಾಜಮೀನರ ಓಣಿಯವರು, ಅರವತ್ತೆರಡು ವರ್ಷದವರು. ಏಳು ಹೆಂಗಸರನ್ನು ಕೂಡಿಸಿಕೊಂಡು ಖಡಕ್ ಜೋಳದ ರೊಟ್ಟಿ ಮಾಡಿ ಮಾರುವ ಘಟಕ ನಡೆಸುತ್ತಾರೆ. ಒಂದು ಮಧ್ಯಾಹ್ನ ಫೋನಿನಲ್ಲಿದ್ದ ಚಿತ್ರ ನೋಡಿ ಅವರು ಕೇಳಿದರಂತೆ:

“ನುಂಗೂದ ಅದರ ಕೆಲಸ ಅಂದಿದ್ದಿ. ಈಗ ನೋಡಿದ್ರ ಉಗಳತೈತಿ ಅಂತಿ.”

“ನುಂಗಿದ್ದು ಉಗಳೂದಿಲ್ಲ ಗೌರಕ್ಕ. ಬಾಯಿತನಕ ಬಂದದ್ದರಾಗ ಒಂದೀಟು ಹೊರಗ ಹಾರತೈತಿ. ಆ ಮಗ್ಗಲಕ್ಕೊಂದು, ಈ ಮಗ್ಗಲಕ್ಕೊಂದು.”

“ಹಂಗಾರ ನಮ್ಮ ಮೊಮ್ಮಗಳನಂಗ ಐತಿ ಬಿಡು. ಇದನ್ನ ನೋಡಾಕ ಪುಣೇದಾಕಿ ಯಾಕ ಬೇಕಾಗಿತ್ತು? ನಮ್ಮನಿಗೆ ಬಂದಿದ್ರ ತೋರಸ್ತಿದ್ದೆ.”

ಮೊದಲ ವರ್ಷ ನಾಜಮೀನ ಒಂದು ತಪ್ಪು ಮಾಡುತ್ತಿದ್ದರು. ಕೆಲವು ಚಿತ್ರಗಳಲ್ಲಿ ಒಂದೇ ಧಾರೆ ಕಾಣುತ್ತದೆ. ಅಂಥಲ್ಲಿ ಅವರು “ಎರಡನೆಯದು ಇಲ್ಲ” ಎಂದು ಬರೆಯುತ್ತಿದ್ದರು. ಶಾಂಭವಿಯವರು ತಿದ್ದಿದರು: ನಮ್ಮ ಕಡೆಗೆ ಬರುವ ಧಾರೆ ಇರುವುದಕ್ಕಿಂತ ಹೆಚ್ಚು ಹೊಳೆಯುತ್ತದೆ, ನಮ್ಮಿಂದ ದೂರ ಹೋಗುವುದು ಮಂಕಾಗುತ್ತದೆ, ಇದು ನೋಡುವವರು ಎಲ್ಲಿದ್ದಾರೆ ಎಂಬುದರಿಂದ ಆಗುವ ವ್ಯತ್ಯಾಸ. ಆಗಲೇ ತಂಡದ ನಮೂನೆಯಲ್ಲಿ “ಇಲ್ಲ” ಎಂಬ ಕಾಲಂನ ಪಕ್ಕದಲ್ಲಿ “ಕಾಣಲಿಲ್ಲ” ಎಂಬ ಇನ್ನೊಂದು ಕಾಲಂ ಇರುವುದನ್ನು ನಾಜಮೀನ ಗಮನಿಸಿದರು. “ಇಲ್ಲ” ಎಂದು ಬರೆಯುವ ಮೊದಲು ಅದೇ ಜಾಗವನ್ನು ಬೇರೆ ಅಲೆಯುದ್ದದ ಚಿತ್ರದಲ್ಲಿ ಹುಡುಕಬೇಕೆಂಬುದು ಅಲ್ಲಿಯ ನಿಯಮ.

2024ರ ಏಪ್ರಿಲ್‌ನಲ್ಲಿ ಆಹಾರ ಉದ್ಯಮದ ಅರ್ಥಶಾಸ್ತ್ರವನ್ನು ಅಧ್ಯಯನ ಮಾಡುವ ಯೋಜನೆಯೊಂದು ಈ ಭಾಗಕ್ಕೆ ಬಂತು. ಮುಖ್ಯಸ್ಥರು ಶಶಿಕಾಂತ ಎಂಬ ಪ್ರಾಧ್ಯಾಪಕರು. ರೋಣ, ನರಗುಂದ, ಗಜೇಂದ್ರಗಡಗಳಲ್ಲಿ ಒಂದೊಂದು ರೊಟ್ಟಿ ಘಟಕವನ್ನು ಆಯ್ದು, ಒಳಗೆ ಹೋಗುವ ಹಿಟ್ಟಿಗೂ ಹೊರಗೆ ಬರುವ ರೊಟ್ಟಿಗೂ ನಡುವೆ ಎಷ್ಟು ನಷ್ಟವಾಗುತ್ತದೆ ಎಂದು ಅಳೆಯುವುದು ಯೋಜನೆಯ ಮೊದಲ ಭಾಗ. ನರಗುಂದದ ಘಟಕದಲ್ಲಿ ಯಂತ್ರ ರೊಟ್ಟಿ ಒತ್ತುತ್ತದೆ. ಉಳಿದೆರಡರಲ್ಲಿ ಕೈಯಿಂದ ಬಡಿಯುತ್ತಾರೆ. ಮೂರೂ ಕಡೆ ತಲಾ ಹತ್ತು ದಿನ ಕೂತು ಹದಿನಾಲ್ಕು ಪುಟದ ನಮೂನೆ ತುಂಬುವ ಕೆಲಸ ನಾಜಮೀನರಿಗೆ ಸಿಕ್ಕಿತು.

ರೋಣದ ಘಟಕಕ್ಕೆ ಗೌರವ್ವನ ಮನೆಯನ್ನೇ ಆಯ್ದದ್ದರಿಂದ ಅವರಿಗೆ ಮೊದಲು ಖುಷಿಯಾಗಿತ್ತು. ಆದರೆ ಮೇ ಕೊನೆಯ ಹೊತ್ತಿಗೆ ಅದು ಚಿಂತೆಯಾಗಿ ತಿರುಗಿತು. ಕಾರಣ ಇದು. ತಾಲೂಕಿನ ವಿದ್ಯಾರ್ಥಿನಿಲಯವೊಂದಕ್ಕೆ ವಾರಕ್ಕೆರಡು ಸಲ ರೊಟ್ಟಿ ಒದಗಿಸುವ ಕೆಲಸ ಮೂರು ವರ್ಷದಿಂದ ಗೌರವ್ವನ ಬಳಿ ಇತ್ತು. ಘಟಕ ನಿಂತಿದ್ದದ್ದೇ ಅದರ ಮೇಲೆ. ಆ ವರ್ಷ ನಿಲಯದ ಆಡಳಿತವು, ಅಧ್ಯಯನದ ಅಂಕಿಗಳನ್ನು ನೋಡಿ, ಜೂನ್ ಹತ್ತರೊಳಗೆ ಗೌರವ್ವನ ಘಟಕಕ್ಕೋ ನರಗುಂದದ ಯಂತ್ರಕ್ಕೋ ಕೆಲಸ ಕೊಡುವುದಾಗಿ ತಿಳಿಸಿತು. ಹಿಟ್ಟು ಹಾಳುಮಾಡುವ ಕಡೆ ದರ ಇಂದಲ್ಲ ನಾಳೆ ಏರುತ್ತದೆ ಎಂಬುದು ಅವರ ವಾದ.

ನಾಜಮೀನ ತುಂಬಿದ ನಮೂನೆಯ ಪ್ರಕಾರ ಗೌರವ್ವನ ಘಟಕದಲ್ಲಿ ದಿನಕ್ಕೆ ಇಪ್ಪತ್ತೆರಡೂವರೆ ಕಿಲೋ ಹಿಟ್ಟು ಒಳಗೆ ಹೋಗುತ್ತಿತ್ತು. ಒಂದು ರೊಟ್ಟಿಗೆ ಸರಾಸರಿ ನಲವತ್ತು ಗ್ರಾಂ ಹಿಟ್ಟು. ಹತ್ತು ರೊಟ್ಟಿಯ ಐವತ್ತು ಕಟ್ಟುಗಳು, ಅಂದರೆ ಐದುನೂರು ರೊಟ್ಟಿ ಹೊರಗೆ ಬರುತ್ತಿದ್ದವು. ಅವಕ್ಕೆ ಬೇಕಾದದ್ದು ಇಪ್ಪತ್ತು ಕಿಲೋ. ಬಡಿಯುವಾಗ ಮೇಲೆ ಉದುರಿಸಿದ್ದು, ನೆಲಕ್ಕೆ ಬಿದ್ದದ್ದು ಎಲ್ಲವನ್ನೂ ನಾಜಮೀನ ತಂದೆಯಂತೆ ಗುಡಿಸಿ ತೂಗಿದರು. ಅರ್ಧ ಕಿಲೋ ಬಂತು. ಉಳಿದ ಎರಡು ಕಿಲೋ ಎಲ್ಲಿ ಹೋಯಿತೆಂಬುದು ಹತ್ತು ದಿನವೂ ತಿಳಿಯಲಿಲ್ಲ.

ನರಗುಂದದ ಯಂತ್ರದ ನಷ್ಟ ನೂರಕ್ಕೆ ಎರಡರಷ್ಟಿತ್ತು. ಗೌರವ್ವನದು ಹನ್ನೊಂದು. ಶಶಿಕಾಂತರ ಕರಡು ವರದಿಯಲ್ಲಿ ಒಂದು ವಾಕ್ಯ ಸೇರಿತು: ರೋಣದ ಘಟಕದಲ್ಲಿ ವಿವರಿಸಲಾಗದ ಸೋರಿಕೆ ಇದೆ.

ಈ ಮಾತು ಗೌರವ್ವನ ಕಿವಿಗೆ ಬಿದ್ದದ್ದು ನಾಜಮೀನರಿಂದಲೇ. ಮುಚ್ಚಿಡುವುದು ಸರಿಯಲ್ಲವೆಂದು ಅವರಿಗೆ ಅನಿಸಿತ್ತು. ಗೌರವ್ವ ಕೇಳಿದರು: “ಸೋರಿಕಿ ಅಂದ್ರ ಕಳವು ಅಂತ ಹೌದಿಲ್ಲೊ?”

“ಹಂಗ ಬರದಿಲ್ಲರಿ.”

“ಬರದಿಲ್ಲ ಖರೇ. ಓದಿದವ್ರು ಹಂಗ ಓದ್ತಾರ.”

ಘಟಕದಲ್ಲಿ ಗುಡಿಸಿದ ಹಿಟ್ಟನ್ನು ಸಕ್ರವ್ವ ಎಂಬ ಹಿರಿಯ ಹೆಂಗಸು ತನ್ನ ಎಮ್ಮೆಗೆ ಒಯ್ಯುವ ರೂಢಿಯಿತ್ತು. ಎಲ್ಲರಿಗೂ ಗೊತ್ತಿದ್ದ ವಿಷಯ. ಮರುದಿನದಿಂದ ಸಕ್ರವ್ವ ಅದನ್ನು ಮುಟ್ಟಲಿಲ್ಲ. ಯಾರೂ ಏನೂ ಅಂದಿರಲಿಲ್ಲ. ಸಂಜೆ ಮನೆಗೆ ಹೋಗುವಾಗ ಆಕೆ ಸೆರಗು ಬಿಚ್ಚಿ ಕೊಡವಿ ಹೋಗುತ್ತಿದ್ದಳೆಂದು ಉಳಿದವರು ಹೇಳಿದರು. ಎಪ್ಪತ್ತು ದಾಟಿದ ಸಕ್ರವ್ವ ಘಟಕ ಶುರುವಾದ ದಿನದಿಂದಲೂ ಅಲ್ಲಿದ್ದಾಳೆ. ಕಣ್ಣು ಮಂಜಾದ ಮೇಲೆ ಬಡಿಯುವುದನ್ನು ಬಿಟ್ಟು ರೊಟ್ಟಿ ಎಣಿಸಿ ಕಟ್ಟು ಕಟ್ಟುವ ಕೆಲಸಕ್ಕೆ ಕೂತವಳು.

ಜೂನ್ ಮೂರರಂದು ನಾಜಮೀನ ನಮೂನೆಯನ್ನು ಮೊದಲ ಪುಟದಿಂದ ಮತ್ತೆ ಓದಿದರು. ಅದರಲ್ಲಿ ಬಿಡಿ ರೊಟ್ಟಿಯ ತೂಕ ಕೇಳಿದ್ದರು, ಕಟ್ಟಿನಲ್ಲಿ ಎಷ್ಟು ರೊಟ್ಟಿ ಎಂದು ಕೇಳಿದ್ದರು, ಕಟ್ಟುಗಳ ಸಂಖ್ಯೆ ಕೇಳಿದ್ದರು. ಇಡೀ ಕಟ್ಟಿನ ತೂಕವನ್ನು ಎಲ್ಲಿಯೂ ಕೇಳಿರಲಿಲ್ಲ. ಆಕಾಶದ ಚಿತ್ರಗಳಲ್ಲಿ ಮಾಡಿದಂತೆಯೇ, ಎರಡು ಕಿಲೋ ಹಿಟ್ಟು “ಇಲ್ಲ” ಎಂದದ್ದೂ ಒಂದೇ ಬಗೆಯ ಅಳತೆ ನೋಡಿ ಎಂಬ ಸಂಗತಿ ಆಗ ಹೊಳೆಯಿತೆಂದು ಅವರು ಹೇಳುತ್ತಾರೆ. ಅದನ್ನು ಹೇಳುವಾಗಲೂ ಅವರ ದನಿ ಏರುವುದಿಲ್ಲ.

ಮರುದಿನ ಬೆಳಿಗ್ಗೆ ಕಟ್ಟೊಂದನ್ನು ವಿದ್ಯುತ್ ತಕ್ಕಡಿಯ ಮೇಲಿಟ್ಟರು. ಬೆಂದು ಗರಿಗರಿಯಾದ ಒಂದು ರೊಟ್ಟಿ ಮೂವತ್ತೆಂಟು ಗ್ರಾಂ ತೂಗುತ್ತದೆ. ಹತ್ತಕ್ಕೆ ಮುನ್ನೂರ ಎಂಬತ್ತು ಆಗಬೇಕು. ತಕ್ಕಡಿ ನಾನೂರ ಹದಿನೆಂಟು ತೋರಿಸಿತು. ಇನ್ನೊಂದು ಕಟ್ಟು ನಾನೂರ ಹದಿನಾರು. ಮೂರನೆಯದು ನಾನೂರ ಇಪ್ಪತ್ತು. ನಾಜಮೀನ ಒಂದು ಕಟ್ಟು ಬಿಚ್ಚಿ ಬೆರಳಿಟ್ಟು ಎಣಿಸಿದರು.

“ಆಯಿ, ಇದರಾಗ ಹನ್ನೊಂದ ಅದಾವಲ್ಲ?”

“ಹತ್ತ ಅದಾವ,” ಎಂದಳು ಸಕ್ರವ್ವ.

“ನೀವ ಎಣಿಸ್ರಿ, ನೋಡೂಣು.”

ಸಕ್ರವ್ವ ರೊಟ್ಟಿಗಳನ್ನು ಮುಂದೆ ಎಳೆದುಕೊಂಡು ಎಣಿಸಿದಳು. “ಲಾಭ. ಒಂದ. ಎರಡ. ಮೂರ.” ಕೊನೆಯ ರೊಟ್ಟಿಯ ಮೇಲೆ ಕೈಯಿಟ್ಟು, “ಹತ್ತ. ಸಾಲಿ ಕಲಿಸಾಕಿ ನೀನು, ನನ್ನ ಕಡಿಂದ ಎಣಿಸಿಸ್ತಿ,” ಎಂದಳು.

ಪೇಟೆಯಲ್ಲಿ ಕಾಳು ಅಳೆಯುವವರು ಮೊದಲ ಸೇರನ್ನು “ಒಂದು” ಎನ್ನುವುದಿಲ್ಲ, “ಲಾಭ” ಎನ್ನುತ್ತಾರೆ; ಎರಡನೆಯದನ್ನು “ಎರಡು” ಎನ್ನುತ್ತಾರೆ. ಅಲ್ಲಿ ಲಾಭವೆಂದರೆ ಒಂದೇ. ಆ ಪೇಟೆಯ ಓಣಿಯಲ್ಲಿ ಬೆಳೆದ ನಾಜಮೀನ ಘಟಕದಲ್ಲಿ ಹತ್ತು ದಿನ ಸಕ್ರವ್ವನ ಎಣಿಕೆ ಕೇಳಿದ್ದರು. “ಲಾಭ” ಎಂಬ ಮೊದಲ ಮಾತು ಕಿವಿಗೆ ಬಿದ್ದೊಡನೆ ಅದನ್ನು ಒಂದೆಂದು ಹಿಡಿದು, ಮುಂದಿನ ಮಾತಿಗೆ ಕಿವಿಗೊಡದೆ ಕಟ್ಟಿಗೆ ಹತ್ತು ಎಂದು ಬರೆದಿದ್ದರು. ಸಕ್ರವ್ವ ಕಲಿತ ಎಣಿಕೆ ಗೌರವ್ವನ ಅತ್ತೆಯದು. ಆಕೆಯ ಲೆಕ್ಕದಲ್ಲಿ ಲಾಭ ಬೇರೆ, ಒಂದು ಬೇರೆ. ಮೊದಲ ರೊಟ್ಟಿ ಕೊಳ್ಳುವವನಿಗೆ ಹೆಚ್ಚಿಗೆಯಾಗಿ ಹೋಗುವಂಥದು. ಹೊರಗಿನಿಂದ ಬಂದವರು ಯಾರಾದರೂ ಈ ಕೆಲಸ ಮಾಡಿದ್ದರೆ, ಎಣಿಕೆಯ ಮಾತು ತಿಳಿಯದೆ ಬೆರಳಿಟ್ಟು ಎಣಿಸುತ್ತಿದ್ದರು, ಮೊದಲ ದಿನವೇ ಹನ್ನೊಂದು ಎಂದು ಬರೆಯುತ್ತಿದ್ದರು. ಇದನ್ನು ನಾಜಮೀನ ತಾವಾಗಿಯೇ ಹೇಳಿದರು.

ಐವತ್ತು ಕಟ್ಟು, ಕಟ್ಟಿಗೊಂದು ಹೆಚ್ಚು ರೊಟ್ಟಿ, ರೊಟ್ಟಿಗೆ ನಲವತ್ತು ಗ್ರಾಂ. ಎರಡು ಕಿಲೋ ಸರಿಹೋಯಿತು.

“ಲಾಭ ಎಣಕಿಗೆ ಬರೂದಿಲ್ಲೇನು ಆಯಿ?”

“ಲಾಭ ಎಲ್ಲೆರೆ ಎಣಿಸ್ತಾರೇನು? ಅದನ್ನ ಕೊಡ್ತಾರ.”

ಶಶಿಕಾಂತರು ಸುದ್ದಿ ತಿಳಿದು ಜೂನ್ ಐದರಂದು ಬಂದರು. ಅವರಿಗೆ ಅದು ಕಷ್ಟದ ವಿಷಯವಾಗಿ ಕಾಣಲಿಲ್ಲ. ಕಟ್ಟಿಗೆ ಹನ್ನೊಂದು ಎಂದು ತಿದ್ದಿದರೆ ನಷ್ಟದ ಅಂಕಿ ಇಳಿಯುತ್ತದೆ, ಅದೇ ದರಕ್ಕೆ ಒಂದು ರೊಟ್ಟಿ ಹೆಚ್ಚು ಸಿಗುತ್ತದೆಂದು ನಿಲಯದವರಿಗೂ ತಿಳಿಯುತ್ತದೆ. ಅವರು ಪೆನ್ನು ತೆಗೆದಾಗ ಗೌರವ್ವ ಕೈ ಅಡ್ಡ ಹಿಡಿದರು.

“ಹನ್ನೊಂದ ಅಂತ ಬರೀಬ್ಯಾಡ್ರಿ ಸಾಹೇಬರ.”

“ಯಾಕ್ರಿ? ನಿಮಗ ಅನುಕೂಲ ಆಗತೈತಲ್ರಿ.”

“ಕಾಗದದಾಗ ಬಂತಂದ್ರ ಅದು ಕೊಡಬೇಕಾದ್ದಾತು. ನಾವಾಗಿ ಕೊಟ್ಟದ್ದು ಎಲ್ಲಿ ಉಳೀತು? ಮುಂದಿನ ವರ್ಷ ಹನ್ನೊಂದರ ಮ್ಯಾಲಿಂದು ಎಲ್ಲೈತಿ ಅಂತ ಸಕ್ರವ್ವ ಕೇಳ್ತಾಳ.”

“ಕೇಳ್ದ ಬಿಡ್ತೀನೇನು?” ಎಂದು ಸಕ್ರವ್ವ ಕಟ್ಟು ಕಟ್ಟುತ್ತಲೇ ಹೇಳಿದಳು.

“ಹಂಗಾರ ಇನ್ನ ಮ್ಯಾಲೆ ಹತ್ತ ಕೊಡ್ರಿ. ಕಾಗದಕ್ಕೂ ಕಟ್ಟಿಗೂ ತಾಳೆ ಬೀಳಲಿ,” ಎಂದರು ಶಶಿಕಾಂತರು.

“ಹತ್ತ ಕೊಡು ಅಂತ ಆಕಿಗೆ ನೀವ ಹೇಳ್ರಿ. ನಾ ಹೇಳಾಕಿ ಅಲ್ಲ.”

ಸಕ್ರವ್ವ ತಲೆಯೆತ್ತಿ ಪ್ರಾಧ್ಯಾಪಕರನ್ನು ನೋಡಿದಳು. “ಎಣಕಿ ಶುರುವ ಲಾಭದಿಂದ್ರಿ. ಅದನ್ನ ಬಿಟ್ಟು ಹ್ಯಾಂಗ ಶುರು ಮಾಡ್ಲಿ? ನೀವು ಕಲಿಸಿ ಕೊಡ್ರಿ.”

ಪ್ರಾಧ್ಯಾಪಕರು ನಕ್ಕರು, ಆದರೆ ತೊಡಕು ಹಾಗೆಯೇ ಉಳಿಯಿತು. ಹತ್ತು ಎಂದು ಬರೆದರೆ ಎರಡು ಕಿಲೋ ಹಿಟ್ಟು ಸೋರುತ್ತದೆ, ವಿದ್ಯಾರ್ಥಿನಿಲಯದ ಕೆಲಸ ನರಗುಂದಕ್ಕೆ ಹೋಗುತ್ತದೆ. ಹನ್ನೊಂದು ಎಂದು ಬರೆಯಲು ಗೌರವ್ವ ಒಪ್ಪುವುದಿಲ್ಲ. ಒಪ್ಪಿಗೆಯಿಲ್ಲದೆ ಬರೆಯುವುದು ಯೋಜನೆಯ ನಿಯಮಕ್ಕೆ ವಿರುದ್ಧ.

ಆಗ ನಾಜಮೀನ ಹೇಳಿದ್ದು ಎರಡೇ ಮಾತು: “ಎಣಕಿ ಬ್ಯಾಡ್ರಿ ಸರ್. ತೂಕ ಬರೀರಿ.”

ಅದರ ಅರ್ಥ ಮೂರೂ ಊರುಗಳಲ್ಲಿ ಮತ್ತೆ ಅಳತೆ ಮಾಡಬೇಕೆಂದು. ಒಳಗೆ ಹೋದ ಹಿಟ್ಟಿನ ಕಿಲೋ, ಹೊರಗೆ ಬಂದ ರೊಟ್ಟಿಯ ಕಿಲೋ, ಗುಡಿಸಿದ್ದರ ಕಿಲೋ. ಕಟ್ಟು, ಎಣಿಕೆ ಯಾವುದೂ ಇಲ್ಲ. ಶಶಿಕಾಂತರು ಒಪ್ಪಿದರು. ಉಳಿದ ದಿನಗಳು ನಾಲ್ಕು. ಒಂದು ದಿನ ನರಗುಂದ, ಒಂದು ದಿನ ಗಜೇಂದ್ರಗಡ, ಎರಡು ದಿನ ರೋಣ ಎಂದು ನಾಜಮೀನ ಹಂಚಿಕೊಂಡರು. ಚಿಕ್ಕ ತಕ್ಕಡಿ ಸಾಲದೆಂದು ತಂದೆಯ ತಕ್ಕಡಿಯನ್ನೂ ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಹೋದರು. ಗಜೇಂದ್ರಗಡದ ಬಸ್ಸಿನಲ್ಲಿ ಕಂಡಕ್ಟರ್ ಆ ಚೀಲ ಎತ್ತಿ ನೋಡಿ, “ಏನ್ ವ್ಯಾಪಾರ್ರೀ ಮೇಡಮ್ಮಾರ?” ಎಂದನಂತೆ. “ಇದ್ದದ್ದು ಎಲ್ಲಿ ಹೋತು ಅಂತ ಹುಡುಕೂದು,” ಎಂದು ಅವರು ಉತ್ತರಿಸಿದರು. ಅವನು ಅದನ್ನು ಪೊಲೀಸ್ ಖಾತೆಯೆಂದು ತಿಳಿದು ಮುಂದಿನ ಸೀಟು ಬಿಡಿಸಿಕೊಟ್ಟನು.

ಬೇಯುವಾಗ ಆರಿಹೋಗುವ ತೇವವನ್ನು ಬಿಟ್ಟರೆ, ತೂಕದ ಲೆಕ್ಕದಲ್ಲಿ ಗೌರವ್ವನ ಘಟಕದ ನಷ್ಟ ನೂರಕ್ಕೆ ಎರಡು ಪಾಲಿಗಿಂತ ಸ್ವಲ್ಪ ಹೆಚ್ಚಿತ್ತು. ನರಗುಂದದ ಯಂತ್ರದ್ದು ಎರಡಕ್ಕಿಂತ ಸ್ವಲ್ಪ ಕಡಿಮೆ. ಗಜೇಂದ್ರಗಡದ್ದು ಮೂರರ ಹತ್ತಿರ. ಕೈಗೂ ಯಂತ್ರಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲವೆಂದು ಶಶಿಕಾಂತರು ವರದಿಯಲ್ಲಿ ಬರೆದರು. ಸೋರಿಕೆಯ ವಾಕ್ಯವನ್ನು ತೆಗೆದುಹಾಕಿದರು. ಮೊದಲ ನಮೂನೆಯ ತಪ್ಪು ಕ್ಷೇತ್ರ ಪರಿಶೀಲಕಿಯದು, ಎಂದರೆ ತಮ್ಮದು, ಎಂಬ ಟಿಪ್ಪಣಿಯನ್ನು ನಾಜಮೀನರೇ ಬರೆದು ಸೇರಿಸಿದರು. ಅದು ಬೇಡವೆಂದು ಪ್ರಾಧ್ಯಾಪಕರು ಎರಡು ಸಲ ಹೇಳಿದ್ದರು. ಟಿಪ್ಪಣಿ ವರದಿಯ ನಲವತ್ತೊಂದನೆಯ ಪುಟದ ಕೆಳಗಿದೆ.

ಜೂನ್ ಹತ್ತರಂದು ವಿದ್ಯಾರ್ಥಿನಿಲಯದ ಪತ್ರ ಬಂತು. ಕೆಲಸ ಗೌರವ್ವನ ಬಳಿಯೇ ಉಳಿಯಿತು. ಅಧ್ಯಯನದ ಪದ್ಧತಿ ನೋಡಿ ಆಡಳಿತದವರು ಒಂದು ಬದಲಾವಣೆ ಮಾಡಿದ್ದರು: ಇನ್ನು ಮುಂದೆ ರೊಟ್ಟಿಯನ್ನು ಕಟ್ಟಿನ ಲೆಕ್ಕದಲ್ಲಿ ಕೊಡಬೇಕಾಗಿಲ್ಲ, ಸಲಕ್ಕೆ ಇಪ್ಪತ್ತು ಕಿಲೋ ತೂಗಿ ಕೊಟ್ಟರೆ ಸಾಕು. ಪತ್ರವನ್ನು ನಾಜಮೀನ ಓದಿ ಹೇಳಿದಾಗ ಗೌರವ್ವ, “ಅಂದ್ರ ಆಕಿ ಎಣಸೂದು ನಿಂತ್ಹೋತು,” ಎಂದರು. ಸಕ್ರವ್ವ ಅಂದು ಸಂಜೆ ಗುಡಿಸಿದ ಹಿಟ್ಟನ್ನು ಎಮ್ಮೆಗೆ ಒಯ್ದಳು.

ಆ ವರ್ಷದ ಮಳೆಗಾಲದಲ್ಲಿ ನಾಜಮೀನ ನಾಲ್ಕು ವರ್ಷಗಳಲ್ಲಿ ತಾವು ಗುರುತು ಹಾಕಿದ ಚಿತ್ರಗಳ ಪಟ್ಟಿಯನ್ನು ತೆರೆದರು. ಒಟ್ಟು ನಾಲ್ಕು ಸಾವಿರದ ಚಿಲ್ಲರೆ. ಅವುಗಳಲ್ಲಿ ಮೊದಲ ವರ್ಷ “ಇಲ್ಲ” ಎಂದು ಬರೆದವು ಅರವತ್ತಮೂರು ಸಿಕ್ಕವು. ಒಂದೊಂದನ್ನೂ ಬೇರೆ ಅಲೆಯುದ್ದದ ಚಿತ್ರದೊಡನೆ ಇಟ್ಟು ನೋಡಿದರು. ಐದರಲ್ಲಿ ಎರಡನೆಯ ಧಾರೆಯ ಮಂಕು ಗುರುತು ಇತ್ತು. ಐದನ್ನೂ ಶಾಂಭವಿಯವರಿಗೆ ಕಳಿಸಿದರು. ಉಳಿದ ಐವತ್ತೆಂಟನ್ನು “ಇಲ್ಲ”ದಿಂದ ತೆಗೆದು “ಕಾಣಲಿಲ್ಲ” ಕಾಲಂಗೆ ಬದಲಿಸಿದರು. ಇದಕ್ಕೆ ಮೂರು ತಿಂಗಳು ಹಿಡಿಯಿತು.

ಗೌರವ್ವನ ಘಟಕದಿಂದ ವಿದ್ಯಾರ್ಥಿನಿಲಯಕ್ಕೆ ಈಗಲೂ ಮಂಗಳವಾರ, ಶುಕ್ರವಾರ ರೊಟ್ಟಿ ಹೋಗುತ್ತದೆ. ಅಂಥದೊಂದು ಶುಕ್ರವಾರ ಬೆಳಿಗ್ಗೆ ಅಂಗಳದಲ್ಲಿ ತೂಕ ನಡೆದಿತ್ತು. ನಿಲಯದ ಟಂಟಂ ಗಾಡಿ ಬಾಗಿಲಲ್ಲಿ ನಿಂತಿತ್ತು. ರೊಟ್ಟಿ ತುಂಬಿದ ಪುಟ್ಟಿಗಳನ್ನು ಒಂದೊಂದಾಗಿ ಘಟಕದ ಹೊಸ ವಿದ್ಯುತ್ ತಕ್ಕಡಿಗೆ ಹಾಕಿ, ಕೊನೆಯ ಪುಟ್ಟಿಯಲ್ಲಿ ಒಂದೆರಡು ರೊಟ್ಟಿ ಕೂಡಿಸಿ ಕಳೆದು, ಗೌರವ್ವ ಇಪ್ಪತ್ತು ಕಿಲೋ ಸರಿಮಾಡಿದರು. ಚಾಲಕ ಅಂಕಿ ನೋಡಿ ತಲೆಯಾಡಿಸಿದನು. ಆಗ ಬದಿಗೆ ಕೂತಿದ್ದ ಸಕ್ರವ್ವ ಮೊಣಕಾಲಿಗೆ ಕೈಯೂರಿ ಎದ್ದು, ಇನ್ನೊಂದು ರೊಟ್ಟಿ ತೆಗೆದು ಮೇಲಿಟ್ಟಳು.

“ಲಾಭ,” ಎಂದಳು.

ಅಂಕಿ ಮೂವತ್ತೆಂಟು ಗ್ರಾಂ ಮುಂದಕ್ಕೆ ಹೋಯಿತು. ಗೌರವ್ವ ಪುಟ್ಟಿಗೆ ಬಟ್ಟೆ ಮುಚ್ಚಿದರು. ಕಾಲೇಜಿಗೆ ಹೊರಟಿದ್ದ ನಾಜಮೀನ ಕಟ್ಟೆಯ ಬಳಿ ನಿಂತು ನೋಡುತ್ತಿದ್ದರು. ಸಕ್ರವ್ವ ಅವರತ್ತ ತಿರುಗಿ ಕೇಳಿದಳು:

“ಇದನ್ನೂ ಬರಕೊಂಡಿಯೇನ?”

“ಇಲ್ಲ ಆಯಿ. ನನಗ ಕಾಣಲಿಲ್ಲ.”